ಒಣದ್ರಾಕ್ಷಿ ಮತ್ತು "ಸ್ವಲ್ಪ ಧ್ಯಾನ ಮಾಡು"

ಫೋಟೋದಲ್ಲಿರೋದು ಒಂದೇ ಒಂದು ಒಣದ್ರಾಕ್ಷಿ. ಜೂಮ್ ಮಾಡಿ ಹುಡುಕಬೇಡಿ, ಬೇರೇನೂ ಇಲ್ಲ. ಕ್ಯಾಪ್ಷನ್ ಮಾತ್ರ ಉದ್ದ ಇದೆ. ಇಂಟರ್ನಲ್ಸ್ ಮುಗೀತಲ್ಲ, ಓದಿ. ಇಲ್ಲಿ ಹಿಡಿಸದೇ ಇದ್ದದ್ದು ಪಿನ್ ಮಾಡಿರೋ ಕಾಮೆಂಟಲ್ಲಿದೆ.

ಹೋದ ವರ್ಷ ನಾನೊಂದು ತಪ್ಪು ಮಾಡಿದೆ. ತಿಪಟೂರಲ್ಲಿರೋ ನಮ್ಮ ದೊಡ್ಡಮ್ಮನ ಮಗಳಿಗೆ, ಅಂದ್ರೆ ನನ್ನ ಅಕ್ಕನಿಗೆ, ನಾಲ್ಕು ವರ್ಷದಿಂದ ಡಿಪ್ರೆಶನ್ ಇದೆ. (ಅವಳನ್ನ ಕೇಳಿಯೇ ಬರೀತಿದ್ದೀನಿ. ಹೆಸರು ಬೇಡ ಅಂದಳು.) ಎರಡು ಸಲ ಮಾತ್ರೆ ಬದಲಾಯ್ತು, ಕೌನ್ಸೆಲಿಂಗ್ ಆಯ್ತು. ಸ್ವಲ್ಪ ಚೇತರಿಸಿಕೊಳ್ತಾಳೆ, ಮತ್ತೆ ಅಲ್ಲೇ. ನಾನು ಏನ್ ಮಾಡಿದೆ ಗೊತ್ತಾ? ಉಸಿರಾಟದ ಒಂದು ರೀಲ್ ಕಳಿಸಿ, "ದಿನಾ ಹತ್ತು ನಿಮಿಷ ಮಾಡಕ್ಕಾ, ಮೈಂಡ್ ಫ್ರೀ ಆಗುತ್ತೆ" ಅಂತ ಬರೆದೆ. ಎರಡು ದಿನ ಬರೀ ಬ್ಲೂ ಟಿಕ್. ಆಮೇಲೆ ಒಂದು ಸಾಲು ಬಂತು: "ನಾನು ಸರಿಯಾಗಿ ಪ್ರಯತ್ನ ಪಡ್ಲಿಲ್ಲ ಅಂತ ನೀನೂ ಅನ್ಕೊಂಡಿದ್ದೀಯಲ್ಲೋ."

ಆ ಸಾಲಿಗೆ ಇವತ್ತಿಗೂ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಅವತ್ತಿಂದ ಈ ವಿಷಯ ಓದೋಕೆ ಶುರು ಮಾಡಿದೆ. ನನ್ನ ಅಭಿಪ್ರಾಯ ಇಷ್ಟೇ: ಮೈಂಡ್‌ಫುಲ್‌ನೆಸ್ ಅನ್ನೋದು ಡಿಪ್ರೆಶನ್‌ಗೆ ನಿಜವಾಗಿಯೂ ಒಂದು ಚಿಕಿತ್ಸೆ. ಅದಕ್ಕೇ ಅದನ್ನ ನಾವು ಸಲಹೆ ಥರ ಎಸೆಯಬಾರದು. ಶುಗರ್ ಇರೋರಿಗೆ ಇನ್ಸುಲಿನ್ ಎಷ್ಟು ತಗೋಬೇಕು ಅಂತ ನಾವು ಹೇಳ್ತೀವಾ?

ಇದರ ಪೂರ್ತಿ ಹೆಸರು ಮೈಂಡ್‌ಫುಲ್‌ನೆಸ್ ಬೇಸ್ಡ್ ಕಾಗ್ನಿಟಿವ್ ಥೆರಪಿ, ಚಿಕ್ಕದಾಗಿ ಎಂಬಿಸಿಟಿ. ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು ಸೇರಿ ಕಟ್ಟಿದ್ದು. 2002ರಲ್ಲಿ ಪುಸ್ತಕ ಬಂತು. ಎಂಟು ವಾರ, ವಾರಕ್ಕೊಂದು ಕ್ಲಾಸು, ಸುಮಾರು ಎರಡು ಗಂಟೆ, ಒಂದು ಚಿಕ್ಕ ಗುಂಪು, ಮನೇಲಿ ದಿನಾ ಅಭ್ಯಾಸ. ಮೊದಲ ಕ್ಲಾಸಲ್ಲಿ ಕೈಗೆ ಒಂದು ಒಣದ್ರಾಕ್ಷಿ ಕೊಡ್ತಾರೆ. ನೋಡಬೇಕು, ಮುಟ್ಟಬೇಕು, ಮೂಸಬೇಕು, ಆಮೇಲೆ ನಿಧಾನಕ್ಕೆ ಬಾಯಿಗೆ. ಓದಿದಾಗ ನಾನೂ ನಕ್ಕೆ.

ಆದ್ರೆ ಒಳಗಿನ ವಿಚಾರ ಗಟ್ಟಿ ಇದೆ. "ಮೈಂಡ್ ಫ್ರೀ" ಮಾಡೋದು ಇದರ ಉದ್ದೇಶವೇ ಅಲ್ಲ! ಹಸು ಮೆಲುಕು ಹಾಕಿದ್ರೆ ಹುಲ್ಲು ಜೀರ್ಣ ಆಗುತ್ತೆ. ಡಿಪ್ರೆಶನ್ ಇರೋರ ಮನಸ್ಸು ಮೆಲುಕು ಹಾಕಿದ್ರೆ ಏನೂ ಜೀರ್ಣ ಆಗಲ್ಲ, ಅದೇ ಅದೇ ವಾಪಸ್ ಬರುತ್ತೆ: ಯಾಕೆ ಹೀಗಾಯ್ತು, ನಾನೇ ಸರಿ ಇಲ್ಲ, ಇನ್ನು ಸರಿಹೋಗಲ್ಲ. ಈ ಮೆಲುಕು ಶುರುವಾಗೋ ಕ್ಷಣವನ್ನ ಹಿಡಿಯೋದು ಇಲ್ಲಿ ಕಲಿಸ್ತಾರೆ. "ನಾನು ವೇಸ್ಟ್" ಅನ್ನೋದು ಬಂದು ಹೋಗೋ ಒಂದು ಯೋಚನೆ ಅಷ್ಟೇ, ನನ್ನ ಬಗ್ಗೆ ಬಂದ ತೀರ್ಪಲ್ಲ ಅಂತ ನೋಡೋದು. ಇದನ್ನ ಓದೋಕೆ ಎರಡು ನಿಮಿಷ ಸಾಕು. ಅಭ್ಯಾಸ ಆಗೋಕೆ ಎಂಟು ವಾರ ಬೇಕು, ಡಿಪ್ರೆಶನ್ ಅಂದ್ರೇನು ಅಂತ ಗೊತ್ತಿರೋ ಶಿಕ್ಷಕರು ಬೇಕು. ತುಂಬಾ ಕುಗ್ಗಿರೋರು ಒಬ್ಬರೇ ಕಣ್ಣು ಮುಚ್ಚಿ ಕೂತ್ರೆ ಅದೇ ಮೆಲುಕು ಜಾಸ್ತಿನೂ ಆಗಬಹುದು. ನನ್ನ ರೀಲಲ್ಲಿ ಇದ್ಯಾವುದೂ ಇರಲಿಲ್ಲ.

ಇದು ಶುರುವಾಗಿದ್ದು ಗುಣವಾದವರಿಗೆ ಮತ್ತೆ ಬರದೇ ಇರಲಿ ಅಂತ. ಇನ್ನೂ ಗುಣವೇ ಆಗದೇ ಇರೋರಿಗೆ? ಅಕ್ಕನ ಥರದವರಿಗೆ? ಅಮೆರಿಕದಲ್ಲಿ ಮಾತ್ರೆಯಿಂದ ಸಾಕಷ್ಟು ಗುಣ ಕಾಣದ 173 ಜನರ ಮೇಲೆ ಒಂದು ಅಧ್ಯಯನ ಆಯ್ತು, 2016ರಲ್ಲಿ ಪ್ರಕಟವಾಯ್ತು. ಎಲ್ಲರ ಮಾತ್ರೆನೂ ಮುಂದುವರೀತು. ಅರ್ಧ ಜನಕ್ಕೆ ಎಂಬಿಸಿಟಿ, ಉಳಿದವರಿಗೆ ವ್ಯಾಯಾಮ, ಆಹಾರ, ಸಂಗೀತ ಇರೋ ಇನ್ನೊಂದು ಕ್ಲಾಸು. ಎಂಟು ವಾರದಲ್ಲಿ ಎಂಬಿಸಿಟಿಯವರ ಡಿಪ್ರೆಶನ್ ಸರಾಸರಿ ಸುಮಾರು 37% ಇಳೀತು, ಇನ್ನೊಂದು ಗುಂಪಿನದು ಸುಮಾರು 25%. ಆದ್ರೆ ಪೂರ್ತಿ ಗುಣ ಆದವರ ಲೆಕ್ಕದಲ್ಲಿ ಎರಡು ಗುಂಪಿಗೂ ಖಚಿತ ವ್ಯತ್ಯಾಸ ಸಿಗಲಿಲ್ಲ. ಇದನ್ನೂ ಹೇಳಲೇಬೇಕು, ಇಲ್ಲಾಂದ್ರೆ ನಾನೂ ರೀಲ್ ಮಾಡೋರ ಥರಾನೇ ಆಗ್ತೀನಿ.

ಇಂಗ್ಲೆಂಡಿನದು 2025ರಲ್ಲಿ ಬಂತು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಟಾಕ್ ಥೆರಪಿ ಪೂರ್ತಿ ಮುಗಿಸಿಯೂ ಡಿಪ್ರೆಶನ್ ಹೋಗದ 234 ಜನ. ಅರ್ಧ ಜನಕ್ಕೆ ವಿಡಿಯೋ ಕಾಲಲ್ಲಿ ಗುಂಪು ಕ್ಲಾಸು. ಆರು ತಿಂಗಳಾದ ಮೇಲೆ ನೋಡಿದ್ರೆ ಅವರು ಉಳಿದವರಿಗಿಂತ ಸುಮಾರು ಎರಡೂವರೆ ಅಂಕ ಉತ್ತಮ. 27ಕ್ಕೆ ಎರಡೂವರೆ. ಇಷ್ಟೇನಾ ಅಂತ ನನಗೂ ಅನ್ನಿಸ್ತು. ಆಮೇಲೆ ಆ ಪ್ರಶ್ನಾವಳಿ ತೆಗೆದು ನೋಡಿದೆ. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು. ನಿದ್ದೆಯ ತೊಂದರೆ "ಹೆಚ್ಚುಕಡಿಮೆ ದಿನಾ" ಇದ್ದದ್ದು "ಕೆಲವು ದಿನ" ಅಂತಾದ್ರೆ ಎರಡು ಅಂಕ. ನಾಲ್ಕು ವರ್ಷದಿಂದ ರಾತ್ರಿ ಎರಡು ಗಂಟೆಗೆ ಎದ್ದು ಕೂರೋಳಿಗೆ ಆ ಎರಡು ಅಂಕ ಏನು ಅಂತ ನಾವು ಹೇಳೋದು ಬೇಡ, ಅವಳೇ ಹೇಳ್ಲಿ.

ಬಿಕಾಂ ಓದೋನು, ದುಡ್ಡಿನ ಮಾತು ಬಿಡೋಕಾಗಲ್ಲ. ಆ ಇಂಗ್ಲೆಂಡಿನ ಕ್ಲಾಸಿಗೆ ತಲೆಗೆ ನೂರು ಪೌಂಡಿಗಿಂತ ಕಡಿಮೆ ಖರ್ಚು ಬಿತ್ತಂತೆ. ಒಬ್ಬ ಶಿಕ್ಷಕರ ವೆಚ್ಚ ಹತ್ತು ಹನ್ನೆರಡು ಜನಕ್ಕೆ ಹಂಚಿಹೋಗುತ್ತಲ್ಲ, ಕಾಸ್ಟಿಂಗ್ ಕ್ಲಾಸಲ್ಲಿ ಕಲಿತಿದ್ದೇ. ಹಾಗಾದ್ರೆ ನಮ್ಮಲ್ಲಿ ಯಾಕಾಗಬಾರದು? 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿ ಆಸ್ಪತ್ರೆಯ ಸಾಮಾನ್ಯ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಟ್ರೇನಿಂಗ್ ಕೊಟ್ಟು ಮಾನಸಿಕ ಚಿಕಿತ್ಸೆ ಅಲ್ಲೇ ಸಿಗೋ ಹಾಗೆ ಮಾಡಿದ್ರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೇಶಕ್ಕೇ ದಾರಿ ತೋರಿಸಿದ್ದು ಬಳ್ಳಾರಿ! ಧ್ಯಾನ ಕಲಿಸೋ ಬೋರ್ಡು ಈಗ ಬೀದಿಗೊಂದಿದೆ. ಡಿಪ್ರೆಶನ್ ಗೊತ್ತಿರೋರು ಕನ್ನಡದಲ್ಲಿ ಎಂಟು ವಾರ ಕೂರಿಸಿ ಕಲಿಸೋ ಕ್ಲಾಸು ತಿಪಟೂರಲ್ಲಿ ನನಗೆ ಸಿಗಲಿಲ್ಲ. ನನಗೆ ಸಿಟ್ಟಿರೋದು ಇದಕ್ಕೆ.

ಹಾಂ, ಇದನ್ನ ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸೋದು, ಕಡಿಮೆ ಮಾಡೋದು ಡಾಕ್ಟರ್ ಜೊತೆ ಕೂತು ಆಗಬೇಕಾದ ಮಾತು. ನಿಮಗೇ ರಾತ್ರಿ ಕಷ್ಟ ಆಗ್ತಿದ್ರೆ 14416, ಟೆಲಿ ಮಾನಸ್. ಫ್ರೀ, ಯಾವ ಹೊತ್ತಲ್ಲಾದ್ರೂ, ಕನ್ನಡದಲ್ಲೇ ಮಾತಾಡಬಹುದು. ನನ್ನ ಡಿಎಂ ಓಪನ್ ಇದೆ, ಆದ್ರೆ ನಾನು ಡಾಕ್ಟರ್ ಅಲ್ಲ, ಮೊದಲು ಆ ನಂಬರ್.

ಅಕ್ಕನಿಗೆ ಸಾರಿ ಕೇಳಿದೆ. "ಬಿಡೋ" ಅಂದಳು. ಅವಳ ಡಾಕ್ಟರೇ ಬೆಂಗಳೂರಿನ ಒಂದು ಆನ್‌ಲೈನ್ ಗುಂಪಿಗೆ ಸೇರಿಸಿದ್ದಾರೆ, ಮಾತ್ರೆ ಜೊತೆಜೊತೆಗೆ. ಶನಿವಾರ ಮೊದಲ ಕ್ಲಾಸು. ಒಣದ್ರಾಕ್ಷಿ ರೆಡಿ ಇಟ್ಕೊಳ್ಳಿ ಅಂತ ಮೆಸೇಜ್ ಬಂದಿತ್ತಂತೆ. ಅಂಗಡಿಯಿಂದ ಹತ್ತು ರೂಪಾಯಿ ಪ್ಯಾಕೆಟ್ ತಂದುಕೊಟ್ಟಿದ್ದು ನಾನು. ಫೋಟೋದಲ್ಲಿರೋದು ಅದರಲ್ಲಿ ಒಂದು, ಉಳಿದಿದ್ದನ್ನ ಕ್ಲಾಸಿಗೆ ಮೊದಲೇ ನಾವಿಬ್ರೂ ತಿಂದು ಮುಗಿಸಿದ್ವಿ. ಇನ್ನೊಂದು ಪ್ಯಾಕೆಟ್ ತರಬೇಕು.