ಮೊಡವೆಯ ಕಲೆ ಮತ್ತು ಲೇಸರ್ ಚಿಕಿತ್ಸೆ

“ಮಗಳ ಲಗ್ನಕ್ಕೆ ಇನ್ನೊಂದೇ ತಿಂಗಳು; ಮುಖದ ಮೊಡವೆ ಕುಳಿಗಳನ್ನು ಲೇಸರ್‌ನಿಂದ ತೆಗೆಸಬಹುದೇ?” ಎಂದು ತಾಯಂದಿರು ಕೇಳುವುದುಂಟು. ಅವಸರ ಸಲ್ಲದು.

1964ರಲ್ಲಿ ಭಾರತ ಸಂಜಾತ ವಿಜ್ಞಾನಿ ಕುಮಾರ್ ಪಟೇಲರು ರೂಪಿಸಿದ ಇಂಗಾಲದ ಡೈಆಕ್ಸೈಡ್ ಲೇಸರ್ ಇದಕ್ಕೆ ಬಳಕೆಯಲ್ಲಿದೆ. ಅದರ ಕಿರಣವನ್ನು ಚರ್ಮದೊಳಗಿನ ನೀರು ಹೀರಿಕೊಳ್ಳುತ್ತದೆ. ಆ ಶಾಖಕ್ಕೆ ಮೇಲ್ಪದರವು ಆವಿಯಾಗಿ ಹೊಸ ಚರ್ಮ ಮೂಡುತ್ತದೆ. ಆದರೆ ನಮ್ಮಂಥ ಗೋಧಿವರ್ಣ, ಶ್ಯಾಮಲವರ್ಣದವರಲ್ಲಿ ಗಾಯ ಮಾಯುವಾಗ ವರ್ಣದ್ರವ್ಯ ಹೆಚ್ಚಿ, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಚುಕ್ಕೆಚುಕ್ಕೆಯಾಗಿ ಕಿರಣ ಹಾಯಿಸುವ ಫ್ರ್ಯಾಕ್ಷನಲ್ ವಿಧಾನವು 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಈ ಭಯ ಕಡಿಮೆ, ಇಲ್ಲವೆಂದಲ್ಲ.

ಆದುದರಿಂದ ಚರ್ಮರೋಗ ತಜ್ಞರಲ್ಲಿಯೇ, ಲಗ್ನಕ್ಕೆ ಬಹಳ ಮುಂಚಿತವಾಗಿ ಮಾಡಿಸಿರಿ. ಬಳಿಕ ಬಿಸಿಲಿನಿಂದ ಮುಖವನ್ನು ಕಾಪಾಡಿರಿ. ಹೆಣ್ಣಿನ ಬೆಲೆ ಕೆನ್ನೆಯ ನುಣುಪಿನಲ್ಲಿಲ್ಲವೆಂಬುದನ್ನು ಬೀಗರೂ ಅರಿಯಲಿ.