ಅತಿಥಿಭಾಷಣ ಯಾರಿಗಾಗಿ?

ಸೇವಾಸಂಘವಿಲ್ಲದ ಪಟ್ಟಣ ಈಗ ಕನ್ನಡನಾಡಿನಲ್ಲಿ ಇಲ್ಲವೆಂದೇ ಹೇಳಬೇಕು. ರೋಟರಿಯೆಂದು, ಲಯನ್ಸ್ ಎಂದು, ಯುವಕಮಂಡಲವೆಂದು, ಮಹಿಳಾಮಂಡಲವೆಂದು ಹೆಸರು ಬೇರೆ ಬೇರೆಯಾದರೂ ಇವುಗಳ ನಡಾವಳಿ ಬಹುಮಟ್ಟಿಗೆ ಒಂದೇ. ವರ್ಷದಲ್ಲಿ ಕೆಲವು ದಿನ ರಕ್ತದಾನ, ನೇತ್ರಪರೀಕ್ಷೆ, ಶಾಲೆಯ ಮಕ್ಕಳಿಗೆ ಪುಸ್ತಕ ಹಂಚುವುದು, ಗಿಡ ನೆಡುವುದು ಮೊದಲಾದ ಸೇವಾಕಾರ್ಯ, ವಾರಕ್ಕೋ ಪಕ್ಷಕ್ಕೋ ಒಮ್ಮೆ ಸಭೆ, ಸಭೆಗೆ ಒಬ್ಬ ಅತಿಥಿ, ಅತಿಥಿಯದೊಂದು ಭಾಷಣ, ಭಾಷಣದ ತರುವಾಯ ಸ್ಮರಣಿಕೆ, ವಂದನಾರ್ಪಣೆ, ಊಟ. ಮಂಗಳೂರಿಗೆ ಬಡಗಣ ಬಾಗಿಲಿನಂತಿರುವ ಕೂಳೂರಿನಲ್ಲಿಯೂ ಹೀಗೆಯೇ. ಇವುಗಳನ್ನು ಹಳಿಯುವುದಕ್ಕಾಗಿ ನಾನು ಲೇಖನಿಯನ್ನು ಕೈಗೆತ್ತಿಕೊಂಡಿಲ್ಲ. ತಮ್ಮ ಕೈಯ ಹಣವನ್ನೂ ಹೊತ್ತನ್ನೂ ವೆಚ್ಚಮಾಡಿ ಊರಿಗೆ ಉಪಕಾರವೆಸಗುವ ಸದ್ಗೃಹಸ್ಥರನ್ನು ಮನೆಯಲ್ಲಿ ಕುಳಿತು ಜರೆಯುವುದು ಸುಲಭ; ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಆದರೆ ಈ ಸಂಘಗಳಲ್ಲಿ ಸೇವೆ ಒಂದು ಬಾಗಿಲಿನಿಂದಲೂ ಭಾಷಣ ಇನ್ನೊಂದು ಬಾಗಿಲಿನಿಂದಲೂ ಹೋಗುತ್ತಿವೆ, ಇವೆರಡಕ್ಕೂ ಪರಸ್ಪರ ಭೇಟಿಯೇ ಇಲ್ಲದಂತಾಗಿದೆ ಎಂಬುದನ್ನು ಒಂದು ಅನುಭವದಿಂದ ಅರಿತೆನಾದ್ದರಿಂದ ಅದನ್ನು ವಾಚಕರ ಮುಂದಿಡುತ್ತೇನೆ.

ಹೋದ ಮಳೆಗಾಲದಲ್ಲಿ ಕೂಳೂರಿನ ಕಡೆಯ ಇಂಥದೊಂದು ಸಂಘದವರು ನನ್ನನ್ನು ಅತಿಥಿಯಾಗಿ ಕರೆದಿದ್ದರು. ವಿಷಯ: ಬಡವರಿಗೆ ಉಚಿತ ಕಾನೂನು ನೆರವು. ಆಮಂತ್ರಣ ಇಂಗ್ಲೀಷಿನಲ್ಲಿತ್ತು, ಅದಕ್ಕೆ ತಕ್ಕಂತೆ ನಾನೂ ಇಂಗ್ಲೀಷಿನಲ್ಲಿಯೇ ಭಾಷಣವನ್ನು ಬರೆದುಕೊಂಡು ಹೋದೆ. ಹೋಟೆಲಿನ ಮಹಡಿಯ ಮೇಲಣ ತಣ್ಣನೆಯ ಕೋಣೆಯಲ್ಲಿ ಮೂವತ್ತು ನಾಲ್ವತ್ತು ಮಂದಿ ಕುಳಿತಿದ್ದರು. 1987ರಲ್ಲಿ ಆದ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವು 1995ರ ನವೆಂಬರ್ 9ರಿಂದ ಜಾರಿಗೆ ಬಂದುದನ್ನೂ, ಅದರ 12ನೆಯ ಕಲಮಿನ ಮೇರೆಗೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರಖಾನೆಯ ಕೆಲಸಗಾರರು, ನೆರೆ ಭೂಕಂಪಗಳಲ್ಲಿ ನೊಂದವರು, ಬಂಧನದಲ್ಲಿರುವವರು ಇವರಿಗೆಲ್ಲ ಸರಕಾರದ ವೆಚ್ಚದಲ್ಲಿ ವಕೀಲರು ದೊರೆಯತಕ್ಕದ್ದೆಂಬುದನ್ನೂ ನಾಲ್ವತ್ತು ನಿಮಿಷ ವಿವರಿಸಿದೆ. ಚಪ್ಪಾಳೆಯಾಯಿತು. ಪ್ರಶ್ನೆ ಕೇಳಬಹುದೆಂದಾಗ ಒಬ್ಬರು ಆದಾಯತೆರಿಗೆಯ ಸಂಗತಿಯನ್ನು ಕೇಳಿದರು. ಅಲ್ಲಿ ಕುಳಿತವರಲ್ಲಿ ಉಚಿತ ವಕೀಲರ ಅಗತ್ಯವಿದ್ದವರು ಒಬ್ಬರೂ ಇರಲಿಲ್ಲ.

ಊಟ ಮುಗಿಸಿ ಮೆಟ್ಟಿಲಿಳಿಯುವಾಗ, ಭಾಷಣದ ಹೊತ್ತಿನಲ್ಲೆಲ್ಲ ಗೋಡೆಯ ಬದಿಯಲ್ಲಿ ತಟ್ಟೆಗಳನ್ನು ಹಿಡಿದು ನಿಂತಿದ್ದ ಹೆಂಗಸೊಬ್ಬಳು ಹಿಂದಿನಿಂದ ಬಂದಳು. "ವಕೀಲರೇ, ಒಂದು ಮಾತು ಕೇಳ್ಬಹುದಾ?" ಎಂದಳು. ಗಂಡ ತೀರಿಹೋಗಿ ಎರಡು ವರ್ಷ; ಮೈದುನಂದಿರು ಮನೆಯಿಂದ ಹೊರಡು ಎನ್ನುತ್ತಾರೆ; ವಕೀಲರಲ್ಲಿಗೆ ಹೋಗಲು ದುಡ್ಡಿಲ್ಲ; ಏನು ಮಾಡಬೇಕು ಎಂಬುದು ಅವಳ ಪ್ರಶ್ನೆ. "ಅಮ್ಮಾ, ನೀವು ದುಡ್ಡು ಕೊಡಬೇಕಾಗಿಲ್ಲ. ಹೆಂಗಸು ಎಂಬ ಒಂದೇ ಕಾರಣದಿಂದ, ಆದಾಯವೆಷ್ಟೆಂದು ನೋಡದೆ, ನಿಮಗೆ ಸರಕಾರ ವಕೀಲರನ್ನು ಕೊಡುತ್ತದೆ. ಜಿಲ್ಲಾ ನ್ಯಾಯಾಲಯದಲ್ಲಿ ಅದಕ್ಕೆಂದೇ ಕಚೇರಿಯಿದೆ, ಒಂದು ಅರ್ಜಿ ಕೊಟ್ಟರಾಯಿತು" ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗೆ ನೀವು ಅಷ್ಟೊತ್ತು ಹೇಳಿದ್ದು ಇದನ್ನೇ ಅಲ್ವಾ?" ಎಂದು ಕೇಳಿದಳು.

ಹೌದು, ಇದನ್ನೇ. ಆ ಕೋಣೆಯಲ್ಲಿ ನನ್ನ ಮಾತು ಯಾರೊಬ್ಬರಿಗೆ ಬೇಕಾಗಿತ್ತೋ ಆ ಒಬ್ಬರಿಗೆ ಅದು ಮುಟ್ಟಲಿಲ್ಲ. ತಪ್ಪು ಸಂಘದವರದೆಂದು ಹೇಳಿ ನಾನು ಪಾರಾಗಲಾರೆ. ಇಂಗ್ಲೀಷಿನಲ್ಲಿ ಬರೆದುಕೊಂಡು ಹೋದವನು ನಾನು; ಕೇಳುಗರೆಂದರೆ ಕುರ್ಚಿಯಲ್ಲಿ ಕುಳಿತವರು ಮಾತ್ರವೆಂದು ಎಣಿಸಿದವನೂ ನಾನೇ. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆನಾದರೂ ದೀಪವಾಗಿ ನಿಂತು ಅದನ್ನು ಕಂಡುದು ಅಂದೇ ಮೊದಲು.

ಹಾಗಾದರೆ ಇಂಥ ಸಂಘಗಳ ಮೂಲೋದ್ದೇಶವೇನು? 1905ರ ಫೆಬ್ರವರಿ 23ರಂದು ಅಮೇರಿಕೆಯ ಶಿಕಾಗೋ ನಗರದಲ್ಲಿ ರೋಟರಿಯನ್ನು ಆರಂಭಿಸಿದ ಪಾಲ್ ಹ್ಯಾರಿಸ್ ಎಂಬವರು ಒಬ್ಬ ವಕೀಲರು. ಸದಸ್ಯರು ಒಂದು ವಾರ ಒಬ್ಬರ ಕಚೇರಿಯಲ್ಲಿ, ಮುಂದಿನ ವಾರ ಇನ್ನೊಬ್ಬರ ಕಚೇರಿಯಲ್ಲಿ, ಹೀಗೆ ಸರದಿಯ ಮೇಲೆ ಕೂಡುತ್ತಿದ್ದುದರಿಂದಲೇ ಸಂಘಕ್ಕೆ ಸುತ್ತುವುದೆಂಬ ಅರ್ಥದ ಆ ಹೆಸರು ಬಂದಿತು. ಸುತ್ತುವುದೇ ಹೆಸರಾಗಿದ್ದ ಸಂಸ್ಥೆಯ ಸಭೆ ಇಂದು ಹಲವೆಡೆ ಒಂದೇ ಹೋಟೆಲಿನ ಒಂದೇ ಕೋಣೆಯಲ್ಲಿ ನೆಲೆನಿಂತುಬಿಟ್ಟಿದೆ. ಆದರೆ ಅದೇ ರೋಟರಿಯವರು 1985ರಲ್ಲಿ ಪೋಲಿಯೋ ರೋಗವನ್ನು ಜಗತ್ತಿನಿಂದಲೇ ಓಡಿಸುವ ವ್ರತವನ್ನು ಕೈಕೊಂಡಾಗ ಕೋಣೆಯೊಳಗೆ ಕುಳಿತಿರಲಿಲ್ಲ. ಸರಕಾರದ ಆರೋಗ್ಯಸೇವಕರೊಡನೆ ಕೂಡಿ ಬೀದಿಯ ಮೂಲೆಗಳಲ್ಲಿ, ಬಸ್ಸು ನಿಲ್ದಾಣಗಳಲ್ಲಿ, ಮನೆಯ ಬಾಗಿಲುಗಳಲ್ಲಿ ನಿಂತು, ತಾಯಂದಿರಿಗೆ ಅವರವರ ಮನೆಮಾತಿನಲ್ಲಿಯೇ ತಿಳಿಯಹೇಳಿ ಮಕ್ಕಳ ಬಾಯಿಗೆ ಎರಡು ಹನಿ ಹಾಕಿಸಿದರು. ಭರತಖಂಡದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಬಂಗಾಲದ ಹಾವಡಾ ಜಿಲ್ಲೆಯಲ್ಲಿ ಕಂಡುಬಂದಿತು. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೋ ಮುಕ್ತವೆಂದು ಪ್ರಮಾಣಪತ್ರ ದೊರೆಯಿತು. ಮಾತೂ ಸೇವೆಯೂ ಒಂದೇ ಬಾಗಿಲಲ್ಲಿ ನಿಂತಾಗ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಪರದೇಶದ ಮೇಲ್ಪಂಕ್ತಿಯೇ ಏಕೆ? ನಮ್ಮ ಮಂಗಳೂರಿನಲ್ಲಿಯೇ ಇದಕ್ಕೂ ಹಳೆಯ ದಾರಿಯೊಂದುಂಟು. ಕುದ್ಮುಲ್ ರಂಗರಾಯರೂ ವಕೀಲರೇ ಆಗಿದ್ದರು. ಅಸ್ಪೃಶ್ಯರೆನಿಸಿಕೊಂಡವರ ದುಃಖವನ್ನು ಕುರಿತು ಮೇಲ್ಜಾತಿಯವರ ಸಭೆಯಲ್ಲಿ ಭಾಷಣಮಾಡಿ ಅವರು ತೃಪ್ತರಾಗಲಿಲ್ಲ. 1890ರ ದಶಕದಲ್ಲಿ ಆ ಜನರ ಮಕ್ಕಳಿಗಾಗಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸಂಸ್ಥೆಯನ್ನು ಕಟ್ಟಿ, ಸ್ವಜಾತಿಯವರ ಬಹಿಷ್ಕಾರವನ್ನು ತಲೆಯ ಮೇಲೆ ಹೊತ್ತು, 1928ರಲ್ಲಿ ಕಣ್ಮುಚ್ಚುವವರೆಗೆ ಅದೇ ಕೆಲಸಕ್ಕೆ ಬಾಳನ್ನು ತೇದರು. ಆ ಮಕ್ಕಳು ಓದಿ ದೊಡ್ಡ ಉದ್ಯೋಗಕ್ಕೇರಿ ಊರಿನಲ್ಲಿ ಕಾರಿನಲ್ಲಿ ಓಡಾಡುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂಬುದು ಅವರ ಆಶೆಯಾಗಿತ್ತೆಂದು ಮಂಗಳೂರಿನವರೆಲ್ಲರೂ ಬಲ್ಲರು. ಇಂದು ನಗರದ ಪುರಭವನಕ್ಕೆ ಅವರ ಹೆಸರಿದೆ. ಕಾರ್ನಾಡು ಸದಾಶಿವರಾಯರೂ ವಕೀಲರೇ. 1911ರಲ್ಲಿ ಮಹಿಳಾಸಭೆಯನ್ನು ಸ್ಥಾಪಿಸಿ ವಿಧವೆಯರಿಗೂ ಬಡ ಹೆಂಗಸರಿಗೂ ಆಸರೆಯಿತ್ತವರು. ದೇಶಸೇವೆಯಲ್ಲಿ ಸರ್ವಸ್ವವನ್ನೂ ಕಳೆದುಕೊಂಡು 1937ರಲ್ಲಿ ಬಡತನದಲ್ಲಿಯೇ ತೀರಿಕೊಂಡವರು. ಇವರು ಯಾರಿಗೆ ಸೇವೆ ಮಾಡಿದರೋ ಅವರೊಡನೆಯೇ ಮಾತನಾಡಿದರು.

ಕನ್ನಡನಾಡಿನ ಏಕೀಕರಣವಾದುದಾದರೂ ಹೇಗೆ? ಅದೂ ಸ್ವಯಂಸೇವಕರಿಂದ ಮತ್ತು ಭಾಷಣಗಳಿಂದ. 1923ರ ನಾಗಪುರದ ಧ್ವಜಸತ್ಯಾಗ್ರಹದಲ್ಲಿ ಕ್ಷಮೆ ಬೇಡಲೊಲ್ಲದೆ ಸೆರೆಮನೆಯ ಕಷ್ಟವನ್ನು ಸಹಿಸಿದ ಹುಬ್ಬಳ್ಳಿಯ ತರುಣರನ್ನು ಕಂಡು, ಡಾಕ್ಟರ್ ಹರ್ಡೀಕರರ ನೇತೃತ್ವದಲ್ಲಿ ಸೇವಾದಳವನ್ನು ಕಟ್ಟುವುದೆಂದು ಅದೇ ವರ್ಷದ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ನಿಶ್ಚಯವಾಯಿತು. ಮರುವರ್ಷ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರು ಅಧ್ಯಕ್ಷಪೀಠದಲ್ಲಿದ್ದರು. ಹೊರಗೆ ಪೊರಕೆ ಹಿಡಿದು, ನೀರು ಹೊತ್ತು, ಅಡಿಗೆ ಬಡಿಸಿ ದುಡಿದವರು ಸೇವಾದಳದವರು. ಅವರಲ್ಲಿ ನೂರೈವತ್ತಕ್ಕೆ ಮೀರಿದ ಹೆಂಗಸರಿದ್ದರು. ಅವರನ್ನು ಊರೂರು ತಿರುಗಿ ಕೂಡಿಸಿದವರಲ್ಲಿ ನಮ್ಮ ಕರಾವಳಿಯಿಂದ ಹುಬ್ಬಳ್ಳಿಗೆ ಹೋಗಿ ನೆಲೆಸಿದ್ದ ಉಮಾಬಾಯಿ ಕುಂದಾಪುರ ಅವರು ಮುಖ್ಯರು. ಅದೇ ಬೆಳಗಾವಿಯಲ್ಲಿ ಅದೇ ಕಾಲಕ್ಕೆ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತೂ ನೆರೆಯಿತು. ಅದರ ಹಿಂದೆ 1890ರಲ್ಲಿ ಹುಟ್ಟಿದ ಧಾರವಾಡದ ವಿದ್ಯಾವರ್ಧಕ ಸಂಘದ ಕೆಲಸವಿತ್ತು. ವಕೀಲಿಯನ್ನು ಬದಿಗಿಟ್ಟು ಕನ್ನಡಿಗರನ್ನು ಕನ್ನಡದಲ್ಲಿಯೇ ಎಚ್ಚರಿಸಿದ ಆಲೂರು ವೆಂಕಟರಾಯರ ಮಾತುಗಳಿದ್ದವು. ಮುಂಬಯಿಯ ಕನ್ನಡಿಗ, ಮದರಾಸಿನ ಕನ್ನಡಿಗ, ನಿಜಾಮನ ಕನ್ನಡಿಗ, ಮೈಸೂರಿನ ಕನ್ನಡಿಗ ಎಂದು ಹಂಚಿಹೋಗಿದ್ದವರಿಗೆ ತಾವೆಲ್ಲರೂ ಒಂದೇ ಜನವೆಂದು ತಿಳಿದುದು ಆ ಮಾತುಗಳಿಂದ. ಆ ಭಾಷಣಗಳು ಕೇಳುಗರಿಗೆ ತಿಳಿಯದ ನುಡಿಯಲ್ಲಿ ಆಗಿದ್ದರೆ 1956ರ ನವೆಂಬರ್ 1 ನಮಗೆ ಬರುತ್ತಿರಲಿಲ್ಲ.

ಇಲ್ಲಿ ಕೆಲವರು ಎರಡು ಆಕ್ಷೇಪಗಳನ್ನು ಎತ್ತುವರು. ಸದಸ್ಯರಲ್ಲಿಯೂ ಅತಿಥಿಗಳಲ್ಲಿಯೂ ಹೊರನಾಡಿನವರಿದ್ದಾರೆ, ಅವರಿಗೆ ಕನ್ನಡ ಬಾರದು ಎಂಬುದು ಮೊದಲನೆಯದು. ಬಾರದಿದ್ದರೆ ಚಿಂತೆಯಿಲ್ಲ, ಗಾಂಧೀಜಿಯವರಿಗೂ ಕನ್ನಡ ಬರುತ್ತಿರಲಿಲ್ಲ. ಅವರ ಮಾತನ್ನು ಕನ್ನಡಿಸಿ ಹೇಳುವವರೊಬ್ಬರು ಪಕ್ಕದಲ್ಲಿರುತ್ತಿದ್ದರು. ನಮ್ಮ ಸಂಘಗಳಲ್ಲಿರುವ ಅಧ್ಯಾಪಕರು ಅತಿಥಿಯ ಭಾಷಣದ ಸಾರವನ್ನು ಹತ್ತು ನಿಮಿಷದಲ್ಲಿ ಕನ್ನಡದಲ್ಲಿ ಹೇಳಲಾರರೇ? ತುಳುನಾಡಿನಲ್ಲಿ ಕನ್ನಡದ ಒತ್ತಾಯವೇಕೆ ಎಂಬುದು ಎರಡನೆಯದು. ಒತ್ತಾಯವಿಲ್ಲ. ಕೂಳೂರಿನ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತುಗಳು ನಲಿದಾಡುತ್ತಿವೆ. ಶಾಲೆಗೂ ಕಚೇರಿಗೂ ಪತ್ರಿಕೆಗೂ ಕನ್ನಡ ಎಲ್ಲರನ್ನೂ ಕೂಡಿಸುವ ಚಾವಡಿಯಾಗಿದೆ. ಅತಿಥಿಯು ತುಳುವಿನಲ್ಲಿ ಮಾತನಾಡಿದರೆ ನನ್ನಷ್ಟು ಸಂತೋಷಪಡುವವರು ಬೇರೆ ಇಲ್ಲ. ತಟ್ಟೆ ಹಿಡಿದು ನಿಂತವಳಿಗೂ ತಿಳಿಯಬೇಕೆಂಬುದಷ್ಟೇ ನನ್ನ ಹಟ.

ಕೂಳೂರಿನ ಸ್ಥಿತಿಯನ್ನು ಬಲ್ಲವರಿಗೆ ಈ ಹಟದ ಕಾರಣ ತಿಳಿದೀತು. ಫಲ್ಗುಣಿ ನದಿಗೆ ಇಲ್ಲಿ ಸೇತುವೆಯಾಗುವ ಮೊದಲು ದೋಣಿಯ ಕಡವಿತ್ತು; ದೋಣಿ ಹೋದರೂ ಮಂಗಳೂರಿನಿಂದ ಇತ್ತ ಬರುವ ದಾರಿಗೆ ಕೂಳೂರು ಫೆರಿ ರಸ್ತೆಯೆಂಬ ಹೆಸರು ಉಳಿದಿದೆ. ಸಮೀಪದ ಪಣಂಬೂರಿನ ಬಂದರು 1974ರಲ್ಲಿ ದೇಶದ ಪ್ರಧಾನ ಬಂದರುಗಳ ಸಾಲಿಗೆ ಸೇರಿತು. ಅದರ ಸುತ್ತ ರಸಗೊಬ್ಬರದ ಕಾರಖಾನೆ ಮೊದಲಾದ ಉದ್ಯಮಗಳು ಎದ್ದವು. ಬಂದರಿಗಾಗಿ ಭೂಮಿ ಬಿಟ್ಟುಕೊಟ್ಟವರ ಮಕ್ಕಳು, ಹೊಳೆಯ ಮೀನನ್ನು ನಂಬಿದವರು, ಹೆದ್ದಾರಿಯ ಲಾರಿಗಳ ಚಾಲಕರು, ದೂರದ ರಾಜ್ಯಗಳಿಂದ ಕೂಲಿಗೆ ಬಂದವರು ಎಲ್ಲರೂ ಇಲ್ಲಿದ್ದಾರೆ. ಕಾನೂನಿನ ನೆರವು, ವೈದ್ಯರ ಸಲಹೆ, ಬ್ಯಾಂಕಿನ ತಿಳುವಳಿಕೆ, ಮಕ್ಕಳ ವಿದ್ಯಾರ್ಥಿವೇತನದ ಸಂಗತಿ, ಇವುಗಳನ್ನು ಕುರಿತ ಅತಿಥಿಭಾಷಣ ಬೇಕಾದುದು ಇವರಿಗೆ. ಇವೆಲ್ಲ ಈಗಾಗಲೇ ಬಲ್ಲವರ ಕಿವಿಗೆ ಬೀಳುತ್ತಿವೆ. ತುಂಬಿದ ಕೊಡಕ್ಕೆ ನೀರು ಹೊಯ್ದಂತಾಗಿದೆ.

ಆದುದರಿಂದ ನಮ್ಮ ಸೇವಾಸಂಘಗಳ ಮುಂದೆ ನನ್ನ ವಿಜ್ಞಾಪನೆ ನಾಲ್ಕು ಮಾತಿನದು. ತಿಂಗಳಿಗೆ ಒಂದು ಸಭೆಯಾದರೂ ಹೋಟೆಲನ್ನು ಬಿಟ್ಟು ಶಾಲೆಯ ಜಗಲಿಗೋ, ಮೀನುಗಾರರ ದಕ್ಕೆಗೋ, ಕೆಲಸಗಾರರ ಬಿಡಾರಕ್ಕೋ ಹೋಗಲಿ. ಅತಿಥಿಯೂ ಅಲ್ಲಿಗೇ ಬರಲಿ. ಎರಡನೆಯದಾಗಿ, ಭಾಷಣ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಆಗಲಿ, ಆಗದಿದ್ದರೆ ಅದರ ಸಾರವಾದರೂ ಆಗಲಿ. ಮೂರನೆಯದಾಗಿ, ಒಂದು ದಿನ ಪೊರಕೆ ಹಿಡಿದು ಚಿತ್ರ ತೆಗೆಯಿಸಿಕೊಂಡು ಮರುದಿನ ಮರೆಯುವ ಬದಲು, ವರ್ಷಕ್ಕೆ ಒಂದೇ ಕೆಲಸವನ್ನು ಹಿಡಿದು ಬಿಡದೆ ನಡೆಯಿಸಲಿ. ಮಂಗಳೂರಿನ ರಾಮಕೃಷ್ಣ ಮಿಶನ್ನಿನ ಸ್ವಾಮಿಗಳೂ ಸ್ವಯಂಸೇವಕರೂ 2015ರಿಂದ ಕೆಲವು ವರ್ಷ ಭಾನುವಾರದ ಬೆಳಿಗ್ಗೆ ಬೀದಿಗಿಳಿದು ನಗರವನ್ನು ಗುಡಿಸಿದುದನ್ನು ನಾವೇ ಕಂಡಿದ್ದೇವೆ. ಫಲ್ಗುಣಿಯ ದಡ ಅಂಥ ಕೈಗಳಿಗಾಗಿ ಕಾದಿದೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ಸೇವೆ ಪಡೆಯುವವರು ಕೇಳುಗರಾಗಿ ಮಾತ್ರವಲ್ಲ, ಒಮ್ಮೊಮ್ಮೆ ಅತಿಥಿಗಳಾಗಿಯೂ ಬರಲಿ. ಹೊಳೆಯಲ್ಲಿ ಮೀನು ಏಕೆ ಕಡಮೆಯಾಯಿತೆಂಬುದನ್ನು ಬಲೆ ಬೀಸುವವನು ಹೇಳಲಿ. ಚರಂಡಿ ಏಕೆ ಕಟ್ಟುತ್ತದೆಂಬುದನ್ನು ಪೌರಕಾರ್ಮಿಕಳು ಹೇಳಲಿ. ಸ್ಮರಣಿಕೆಯೂ ಶಾಲೂ ಅವರಿಗೂ ಸಲ್ಲಲಿ. ವರ್ಷಕ್ಕೊಮ್ಮೆ ಕಾಸರಗೋಡಿನ ಕನ್ನಡ ಶಾಲೆಯ ಅಧ್ಯಾಪಕರೊಬ್ಬರನ್ನು ಕರೆದು, 1956ರಲ್ಲಿ ಗಡಿಯಾಚೆ ಉಳಿದ ಕನ್ನಡಿಗರ ಕಷ್ಟಸುಖವನ್ನು ಕೇಳುವುದೂ ನಮ್ಮ ಧರ್ಮ.

ಭೂಪಟದ ಮೇಲಣ ಏಕೀಕರಣವನ್ನು ಹಿರಿಯರು ಮಾಡಿಕೊಟ್ಟು ಹೋದರು. ಆದರೆ ಒಂದೇ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತವನಿಗೂ ಗೋಡೆಯ ಬದಿ ನಿಂತವಳಿಗೂ ನಡುವೆ ಗಡಿ ಉಳಿದಿದ್ದರೆ ಆ ಏಕೀಕರಣ ಪೂರ್ತಿಯಾಯಿತೆಂದು ಹೇಳುವುದು ಹೇಗೆ? ಈ ಗಡಿಯನ್ನು ಅಳಿಸಲು ಆಯೋಗ ಬೇಕಾಗಿಲ್ಲ, ಶಾಸನ ಬೇಕಾಗಿಲ್ಲ; ನಮ್ಮ ನುಡಿಯಲ್ಲಿ ನಾಲ್ಕು ಮಾತು, ಇನ್ನೆರಡು ಕುರ್ಚಿ ಸಾಕು.

ಆ ಹೆಂಗಸು ಮುಂದಿನ ವಾರವೇ ಅರ್ಜಿ ಕೊಟ್ಟಳು. ಅವಳಿಗೆ ವಕೀಲರೊಬ್ಬರು ನೇಮಕವಾಗಿ ಮೊಕದ್ದಮೆ ನಡೆಯುತ್ತಿದೆ. ಮೆಟ್ಟಿಲಿನ ಮೇಲೆ ಆಕೆ ನನ್ನನ್ನು ನಿಲ್ಲಿಸದೆ ಇದ್ದಿದ್ದರೆ ನಾನು ನನ್ನ ಸ್ಮರಣಿಕೆಯೊಡನೆ ಮನೆಗೆ ಹೋಗುತ್ತಿದ್ದೆ, ಆಕೆ ತನ್ನ ತಟ್ಟೆಗಳೊಡನೆ ಒಳಗೆ ಹೋಗುತ್ತಿದ್ದಳು. ಅದೇ ಸಂಘದವರು ಮತ್ತೆ ಕರೆದರೆ ಸಂತೋಷದಿಂದ ಹೋಗುವೆನು, ಕನ್ನಡದಲ್ಲಿಯೇ ಮಾತನಾಡುವೆನು, ಮಾತು ಮೊದಲಿಡುವ ಮುನ್ನ ಬಾಗಿಲ ಬಳಿ ನಿಂತವರನ್ನು ಒಳಗೆ ಕರೆದು ಕುಳ್ಳಿರಿಸಿರೆಂದು ಕೇಳುವೆನು.