ಗಾಳಿ ಬಿಟ್ಟಿ, ತಂಪಿಗೆ ಬಾಡಿಗೆ

ಫೆಬ್ರುವರಿ ಬಂತೆಂದರೆ ತಿಕೋಟಾ ಸುತ್ತಮುತ್ತಲಿನ ಶೆಡ್ಡುಗಳು ದ್ರಾಕ್ಷಿಯಿಂದ ತುಂಬುತ್ತವೆ. ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿದ ಗೊಂಚಲುಗಳನ್ನು ಬಲೆಯ ಅಂತಸ್ತುಗಳ ಮೇಲೆ ಹರವಿದರೆ ಎರಡು ವಾರದಲ್ಲಿ ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಮೂರು ಕಿಲೋ ನೀರನ್ನು ಹೊತ್ತೊಯ್ಯುವುದು ನಮ್ಮ ಬಯಲಿನ ಒಣಗಾಳಿ. ಅಷ್ಟು ನೀರನ್ನು ಕರೆಂಟಿನ ಹೀಟರಿನಿಂದ ಆರಿಸುವುದಾದರೆ ಏನಿಲ್ಲವೆಂದರೂ 2 ಯೂನಿಟ್ ಬೇಕು. ಒಂದು ಟನ್ನಿಗೆ 2,000 ಯೂನಿಟ್. ಈ ಶೆಡ್ಡನ್ನು ‘ಹಿಂದುಳಿದ ಪದ್ಧತಿ’ ಎನ್ನುವ ಪಂಡಿತರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ.

ಗಾಳಿ ಉಳಿಸಿಕೊಟ್ಟಿದ್ದನ್ನು ಕಳೆಯುವುದು ಮುಂದಿನ ಮನೆಯಲ್ಲಿ. ಬೆಲೆ ಬರುವವರೆಗೆ ಮಾಲು ಬಣ್ಣಗೆಡದಂತೆ ಕೋಲ್ಡ್ ಸ್ಟೋರೇಜಿನಲ್ಲಿರಬೇಕು. ಇಲ್ಲಿ ಜಾಗ ಸಾಲದೆ ಬಬಲೇಶ್ವರ, ತಿಕೋಟಾದ ಬೆಳೆಗಾರರು ಗಡಿ ದಾಟಿ ತಾಸಗಾಂವ, ಸಾಂಗ್ಲಿಗೆ ಹೋಗುವುದೂ ಉಂಟು. ಆದ್ದರಿಂದ ಕೋಲ್ಡ್ ಸ್ಟೋರೇಜ್ ಬೇಡವೆಂದು ನಾವು ಹೇಳುತ್ತಿಲ್ಲ. ಅದರ ಬಾಗಿಲು ಮುಚ್ಚಿರಲಿ ಎನ್ನುತ್ತಿದ್ದೇವೆ.

ಒಂದು ಏಪ್ರಿಲ್ ಮಧ್ಯಾಹ್ನ ಅಂಥದೊಂದು ಕಡೆ ಹೋಗಿದ್ದೆವು. ಹೆಸರು ಬೇಡ. ಹೊರಗೆ ನಲವತ್ತು ಡಿಗ್ರಿ ಬಿಸಿಲು. ಲಾರಿಯಿಂದ ಪೆಟ್ಟಿಗೆ ಇಳಿಯುವಷ್ಟು ಹೊತ್ತೂ ಬಾಗಿಲು ಹಾರುಹೊಡೆದಿತ್ತು. ಬಿಸಿಗಾಳಿ ತಡೆಯಬೇಕಾದ ಪ್ಲಾಸ್ಟಿಕ್ ಪರದೆಯಲ್ಲಿ ಎರಡೇ ಪಟ್ಟಿ ಉಳಿದಿದ್ದವು. ಒಳಗಿನ ಕಾಯಿಲುಗಳ ಮೇಲೆ ಬೆರಳು ದಪ್ಪ ಹಿಮ, ಹೊರಗಿನ ಕಂಡೆನ್ಸರಿನ ಮೈತುಂಬ ಧೂಳು. ಕಂಪ್ರೆಸರು ದಮ್ಮು ಕಟ್ಟಿದ ಎತ್ತಿನಂತೆ ದುಡಿಯುತ್ತಿತ್ತು. (ಹಮಾಲರನ್ನು ದೂರಬೇಡಿ, ಹೊತ್ತವರು ಪ್ರತಿ ಸಲವೂ ಬಾಗಿಲು ಹಾಕುವುದು ಹೇಗೆ?) ಮಾಲೀಕರು ಮಾತ್ರ ನಮ್ಮನ್ನು ಹೆಮ್ಮೆಯಿಂದ ಛಾವಣಿಗೆ ಕರೆದೊಯ್ದರು, ಸೋಲಾರ್ ಫಲಕ ತೋರಿಸಲು!

ನಮ್ಮ ಮನೆಗಳಲ್ಲಿ ಹಿರಿಯರು ಇದಕ್ಕೆ ‘ಫಿಜೂಲ್ ಖರ್ಚಿ’ ಎನ್ನುತ್ತಿದ್ದರು. ಕೊಡದ ತೂತು ಮುಚ್ಚದೆ ಎರಡನೆಯ ಬಾವಿ ತೋಡಿದಂತೆ. ಸೋಲಾರ್ ಬರಲಿ, ಸಂತೋಷ. ಆದರೆ ರಾತ್ರಿಯೂ ಓಡುವ ಯಂತ್ರಕ್ಕೆ ಹಗಲಿನ ಫಲಕ ಎಷ್ಟು ಸಾಕು? ಪರದೆ ಹೊಸದು, ಬಾಗಿಲಿನ ರಬ್ಬರು, ಗೋಡೆಯ ಪಫ್ ಹೊದಿಕೆ, ವಾರಕ್ಕೊಮ್ಮೆ ಕಂಡೆನ್ಸರಿಗೆ ಸ್ನಾನ, ಹಿಮ ಕರಗಿಸುವ ಶಿಸ್ತು – ಇವಕ್ಕೆ ಫಲಕದಷ್ಟು ಹಣ ಬೇಡ. ಕಾಯಿಲು ಅಗತ್ಯಕ್ಕಿಂತ ಒಂದೇ ಡಿಗ್ರಿ ಹೆಚ್ಚು ತಣ್ಣಗೆ ಓಡಿದರೂ ಶೇ. 2-3ರಷ್ಟು ಕರೆಂಟು ಹೆಚ್ಚಿಗೆ ಹೋಗುತ್ತದೆ. ಆದರೆ ರಬ್ಬರು ಪಟ್ಟಿಯ ಉದ್ಘಾಟನೆಗೆ ಯಾವ ಮಂತ್ರಿ ಬರುತ್ತಾರೆ?

ನಮ್ಮ ತಕರಾರಿನ ಬೇರು ಇನ್ನೂ ಆಳದಲ್ಲಿದೆ. ಬಾಗಿಲು ತೆರೆದಿಡುವವರು ಒಬ್ಬರು, ಅದರ ಬಿಲ್ಲು ಕಟ್ಟುವವರು ಇನ್ನೊಬ್ಬರು. ಕರೆಂಟಿನ ಖರ್ಚು ಬಾಡಿಗೆಯಲ್ಲಿ ಸೇರಿ ರೈತನ ಪಟ್ಟಿಯಲ್ಲಿ ಕಡಿತವಾಗುತ್ತದೆ. ಹೀಗಿರುವಾಗ ಮಾಲೀಕರಿಗೆ ಉಳಿತಾಯದ ಅವಸರ ಏಕಿರಬೇಕು? 2001ರ ಇಂಧನ ಸಂರಕ್ಷಣಾ ಕಾಯಿದೆಯ ಕಡ್ಡಾಯ ತಪಾಸಣೆ ಭಾರೀ ಕಾರ್ಖಾನೆಗಳಿಗೆ. ಇಂಥ ಸಣ್ಣ ಘಟಕಗಳು ಅದರ ಬಲೆಗೆ ಬೀಳುವುದೇ ಇಲ್ಲ.

ಕತೆ ಬರೆಯುವವರಿಗೆ ಕಂಪ್ರೆಸರಿನ ಉಸಾಬರಿ ಏಕೆಂದು ಮಿತ್ರರೊಬ್ಬರು ಕೇಳಿದರು. ಅಮೆರಿಕ, ಚೀನಾ ಸುಡುವುದರ ಮುಂದೆ ವಿಜಯಪುರದ ಹೊಗೆ ಎಷ್ಟರದು ಎಂದೂ ಸೇರಿಸಿದರು. ಸ್ವಾಮಿ, ಹೊಗೆ ಅಮೆರಿಕದಲ್ಲಿಲ್ಲ, ನಮ್ಮದೇ ಜಿಲ್ಲೆಯ ಕೂಡಗಿಯಲ್ಲಿದೆ. ಅಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಸ್ಥಾವರ ಕಲ್ಲಿದ್ದಲು ಸುಟ್ಟು, ಆಲಮಟ್ಟಿಯ ನೀರು ಕುಡಿದು ಓಡುತ್ತದೆ. ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಒಂದು ಕಿಲೋಗೆ ಸಮೀಪ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಹಾರುಬೂದಿ ಬೇರೆ. ಆ ಸ್ಥಾವರ ಬೇಡವೆಂದು ಬೀದಿಗಿಳಿದ ರೈತರ ಮೇಲೆ 2014ರ ಜುಲೈಯಲ್ಲಿ ಪೊಲೀಸರ ಗುಂಡು ಹಾರಿತ್ತು. ಅಂದು ಖಂಡನಾ ಹೇಳಿಕೆಗಳಿಗೆ ಸಹಿ ಹಾಕಿದವರು ಇಂದು ತಮ್ಮ ಗೋದಾಮಿನ ಬಾಗಿಲ ಕಡೆ ನೋಡುವುದಿಲ್ಲವೆಂದರೆ ಆ ಸಹಿಗೆ ಏನು ಬೆಲೆ?

ನಾವು ಕೇಳುವುದು ಇಷ್ಟು. ಒಂದು ಟನ್ ಒಣದ್ರಾಕ್ಷಿಯನ್ನು ಒಂದು ತಿಂಗಳು ಇಡಲು ಎಷ್ಟು ಯೂನಿಟ್ ಹೋಯಿತೆಂದು ಪ್ರತಿ ಕೋಲ್ಡ್ ಸ್ಟೋರೇಜ್ ತನ್ನ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕಲಿ. ತಪಾಸಣೆಯಾಗದೆ ಸರ್ಕಾರ ಸಬ್ಸಿಡಿ ಕೊಡದಿರಲಿ. ಉಳಿದ ಕರೆಂಟಿನ ಅರ್ಧ ಹಣವಾದರೂ ಬಾಡಿಗೆಯಲ್ಲಿ ಇಳಿಯಲಿ. ಎರಡು ಫಲಕಗಳನ್ನು ಹೋಲಿಸಿ, ಎಲ್ಲಿ ಮಾಲು ಇಡಬೇಕೆಂದು ತಿಕೋಟಾದ ರೈತ ತಾನೇ ತೀರ್ಮಾನಿಸಿಕೊಳ್ಳುತ್ತಾನೆ.